ಪೆರ್ಲದ ಟೈಲರತ್ತೆ

ಗುರುವಾರ: ಕಲ್ಲಡ್ಕದಿಂದ ಪೆರ್ಲಕ್ಕೆ

ಬೆಂಗಳೂರಿನಿಂದ ಪೆರ್ಲಕ್ಕೆ ಹೋಗುವವರಿಗೆ ಕಲ್ಲಡ್ಕದಲ್ಲಿ ಇಳಿಯುವುದೇ ಸುಲಭ. ಮಂಗಳೂರಿನ ರಾತ್ರಿ ಬಸ್ಸು ನಸುಕಿಗೆ ಅಲ್ಲಿಗೆ ಮುಟ್ಟಿಸುತ್ತದೆ. ಒಂದು ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿದು ವಿಟ್ಲದ ಬಸ್ಸು ಹತ್ತಬೇಕು. ವಿಟ್ಲದಲ್ಲಿ ಇನ್ನೊಂದು ಬಸ್ಸು ಹಿಡಿದರೆ ಅಡ್ಯನಡ್ಕ, ಸಾರಡ್ಕ ದಾಟಿ ಪೆರ್ಲ. ಇದೇ ರಸ್ತೆ ಮುಂದೆ ಬದಿಯಡ್ಕ, ಎಡನೀರು ಹಾದು ಚೆರ್ಕಳದಲ್ಲಿ ಹೆದ್ದಾರಿ ಸೇರುತ್ತದೆ.

ಸಾರಡ್ಕದಲ್ಲಿ ಕರ್ನಾಟಕ ಮುಗಿಯುತ್ತದೆ. ಗುಡ್ಡೆ ಅದೇ, ಅಡಿಕೆ ತೋಟ ಅದೇ, ಬಸ್ಸಿನೊಳಗಿನ ತುಳು, ಕನ್ನಡದ ಮಾತೂ ಅದೇ. ಬೋರ್ಡುಗಳಲ್ಲಿ ಮಾತ್ರ ಮಲಯಾಳ ಜಾಸ್ತಿಯಾಗುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನನ್ನ ಅತ್ತೆಗೆ ಹದಿಮೂರು ವರ್ಷ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಎಂದು ವರದಿ ಕೊಟ್ಟಾಗ ಅವರು ಪೆರ್ಲ ಪೇಟೆಯಲ್ಲಿ ಸ್ವಂತ ಹೊಲಿಗೆ ಅಂಗಡಿ ಇಟ್ಟಾಗಿತ್ತು. ವರದಿ ಕಾಗದದಲ್ಲೇ ಉಳಿಯಿತು. ಅಂಗಡಿ ಉಳಿದು ಬೆಳೆಯಿತು.

ಅತ್ತೆ ಎಂದರೆ ನಮ್ಮ ಅಪ್ಪನ ಅಕ್ಕ. ಊರಿಗೆಲ್ಲ ಟೈಲರಕ್ಕ, ಹೊಲಿಗೆ ಕಲಿತ ಹುಡುಗಿಯರಿಗೆ ಟೀಚರ್, ನಮಗೆ ಟೈಲರತ್ತೆ. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಮನೆ ಯಾರಿಗೆ, ಮಿಷಿನು ಯಾರಿಗೆ, ತಾಮ್ರದ ಹಂಡೆ ಯಾರಿಗೆ ಎಂದು ಎಲ್ಲ ಮೊದಲೇ ಬರೆದಿಟ್ಟಿದ್ದರು. ನನ್ನ ಹೆಸರಿನ ಮುಂದೆ ‘ಅಳತೆ ಪುಸ್ತಕದ ಪೆಟ್ಟಿಗೆ’ ಎಂದಿತ್ತು. ಅದನ್ನು ತರಬೇಕು, ಹಾಗೇ ಅವರು ನಡೆದಾಡಿದ ಜಾಗಗಳನ್ನು ಒಮ್ಮೆ ನೋಡಬೇಕು ಎಂದು ಜನವರಿಯಲ್ಲಿ ರಜೆ ಹಾಕಿ ಹೊರಟೆ. ಅಡಿಕೆ ಅಂಗಳದಲ್ಲಿ ಒಣಗುವ ಕಾಲ. ಗೇರು ಹೂ ಬಿಡುವ ಕಾಲ.

ಪೆರ್ಲ ಸಣ್ಣ ಪೇಟೆ. ಎಣ್ಮಕಜೆ ಪಂಚಾಯತಿನ ಆಫೀಸು ಇಲ್ಲೇ ಇದೆ. ಅಡಿಕೆ ಕೊಳ್ಳುವ ಅಂಗಡಿಗಳು, ಬ್ಯಾಂಕು, ಮೆಡಿಕಲ್ ಶಾಪು, ಹೋಟೆಲು. ಬಸ್ಸು ನಿಲ್ಲುವ ಜಾಗದ ಎದುರಿಗೇ ಅತ್ತೆಯ ಅಂಗಡಿ. ಹಲಗೆ ಬಾಗಿಲು ಹೋಗಿ ಶಟರ್ ಬಂದಿದೆ. ಈಗ ಅಂಗಡಿ ನಡೆಸುವುದು ಅವರ ಶಿಷ್ಯೆ. ಹದಿನಾರನೇ ವಯಸ್ಸಿಗೆ ಕಲಿಯಲು ಬಂದವಳು. ಮನೆಯಲ್ಲಿ ಮಲಯಾಳ, ಗಿರಾಕಿಗಳ ಹತ್ತಿರ ತುಳು, ನನ್ನ ಹತ್ತಿರ ಕನ್ನಡ.

“ಬನ್ನಿ ಅಕ್ಕಾ, ಬಸ್ಸು ಲೇಟಾ? ಕೂತ್ಕೊಳ್ಳಿ, ಚಾಯ ತರಿಸ್ತೇನೆ” ಎಂದಳು. ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ ಅತ್ತೆಯಿಂದಲೇ ಬಂದದ್ದು.

ಅತ್ತೆ ಓದಿದ್ದು ಎಂಟನೇ ಕ್ಲಾಸು. ಹದಿನೇಳಕ್ಕೆ ಮದುವೆ. ಎರಡು ವರ್ಷದೊಳಗೆ ವಾಪಸ್ಸು. ಗಂಡನ ಮನೆಯಲ್ಲಿ ಏಟು ತಿಂದದ್ದನ್ನು ಅವರು ಯಾರಿಗೂ ಬಿಡಿಸಿ ಹೇಳಲಿಲ್ಲ. “ಅಲ್ಲಿ ಇರ್ಲಿಕ್ಕೆ ಆಗುದಿಲ್ಲ” ಎಂದಷ್ಟೇ ಹೇಳಿದರಂತೆ. ರಾಜಿ ಮಾಡಿಸಲು ಬಂದ ನೆಂಟರಿಗೆಲ್ಲ ಕಾಫಿ ಕೊಟ್ಟು, ಅದೇ ಮಾತು ಹೇಳಿ ಕಳಿಸಿದರಂತೆ. ಅಜ್ಜ ಕೆಲವು ದಿನ ಮಾತು ಬಿಟ್ಟಿದ್ದರು. ಆಮೇಲೆ ಒಂದು ಸಂಜೆ, “ಮತ್ತೆಂತ ಮಾಡ್ತಿ?” ಎಂದು ಕೇಳಿದರು.

“ಒಂದು ಹೊಲಿಗೆ ಮಿಷಿನು ತೆಗ್ದುಕೊಡಿ ಅಪ್ಪಾ. ಲೆಕ್ಕದಲ್ಲಿ ಬರೆದಿಡಿ. ನಾನು ತೀರಿಸ್ತೇನೆ.”

ಅಜ್ಜನ ಲೆಕ್ಕದ ಪುಸ್ತಕ ಈಗಲೂ ನಮ್ಮ ಮನೆಯಲ್ಲಿದೆ. ಅಡಿಕೆ, ಗೊಬ್ಬರ, ಆಳಿನ ಸಂಬಳದ ನಡುವೆ ಮಗಳ ಹೆಸರಲ್ಲಿ ಒಂದು ಪುಟ. ‘ಉಷಾ ಮಿಷಿನು ಬಾಬ್ತು.’ ಅದರ ಕೆಳಗೆ ತಿಂಗಳು ತಿಂಗಳಿನ ಜಮೆ. ಒಂದು ತಿಂಗಳು ಎರಡು ರೂಪಾಯಿ, ಇನ್ನೊಂದು ತಿಂಗಳು ಐದು. ಅಜ್ಜ ನಡುವೆ ಎಷ್ಟೋ ಸಲ ಸಾಕು ಅಂದರಂತೆ. ಅತ್ತೆ ಕೇಳಲಿಲ್ಲ. ಪುಟದ ಕೊನೆಗೆ ಅಜ್ಜನ ಅಕ್ಷರದಲ್ಲಿ ‘ಚುಕ್ತಾ’ ಎಂದಿದೆ. ಮಿಷಿನು ತನ್ನದು ಎಂದು ಹೇಳಲು ಅತ್ತೆಗೆ ಆ ಒಂದು ಶಬ್ದ ಬೇಕಿತ್ತು.

ಆ ಕಾಲಕ್ಕೆ ಗಂಡನನ್ನು ಬಿಟ್ಟು ಬಂದ ಹೆಂಗಸು ಪೇಟೆಯಲ್ಲಿ ಅಂಗಡಿ ಇಟ್ಟು ಕೂರುವುದೆಂದರೆ ಊರಿಗೆಲ್ಲ ಮಾತಿಗೆ ವಸ್ತು. ಆದರೆ ಹೆಂಗಸರು ಬಂದರು. ಕಾರಣ ಸರಳ. ಗಂಡಸು ಟೈಲರಿಗೆ ಮೈ ಅಳತೆ ಕೊಡಲು ಯಾರಿಗೂ ಮನಸ್ಸಿರಲಿಲ್ಲ. ಅಳತೆಗೆ ಅಂತ ಹಳೇ ರವಿಕೆ ಕಳಿಸುತ್ತಿದ್ದರು. ಆ ರವಿಕೆ ಹೊಲಿಸಿದಾಗ ಇದ್ದ ಮೈ ಬೇರೆ, ಎರಡು ಹೆರಿಗೆ ಆದ ಮೇಲಿನ ಮೈ ಬೇರೆ. ಕಂಕುಳಲ್ಲಿ ಬಿಗಿಯುವ ರವಿಕೆಯಲ್ಲೇ ಎಷ್ಟೋ ಹೆಂಗಸರು ವರ್ಷಗಟ್ಟಲೆ ಕಳೆದಿದ್ದರು. ಅತ್ತೆ ಟೇಪು ಹಿಡಿದು ಸರಿಯಾಗಿ ಅಳೆದರು. ಹೊಲಿಗೆಯ ಒಳಗೆ ಒಂದಿಂಚು ಬಟ್ಟೆ ಜಾಸ್ತಿ ಬಿಟ್ಟರು, ಮುಂದೆ ಬೇಕಾದರೆ ಬಿಡಿಸಿ ದೊಡ್ಡದು ಮಾಡಲಿಕ್ಕೆ.

ಮುಸ್ಲಿಂ ಹೆಂಗಸರಿಗೆ ಬಸ್ಸು ನಿಲ್ಲುವಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತ ಅಂಗಡಿ ಹತ್ತುವುದು ಕಷ್ಟ. ಅತ್ತೆ ಕಟ್ಟಡದ ಮಾಲೀಕರನ್ನು ಒಪ್ಪಿಸಿ ಹಿಂದಿನ ಗೋಡೆ ಒಡೆಸಿ ಇನ್ನೊಂದು ಬಾಗಿಲು ಇಡಿಸಿದರು, ತಮ್ಮದೇ ಖರ್ಚಿನಲ್ಲಿ. ಒಳಗೆ ಉದ್ದದ ಒಂದು ಬೆಂಚು, ಮಡಿಕೆಯಲ್ಲಿ ನೀರು. ಪೇಟೆಗೆ ಬಂದ ಹೆಂಗಸರು ಬಸ್ಸು ಬರುವವರೆಗೆ ನೆಮ್ಮದಿಯಾಗಿ ಕೂತು ಮಗುವಿಗೆ ಹಾಲೂಡಿಸಬಹುದಾದ ಜಾಗ ಪೆರ್ಲದಲ್ಲಿ ಬಹಳ ಕಾಲ ಅದೊಂದೇ ಇತ್ತು. ಬೆಂಚು ಈಗಲೂ ಇದೆ. ನಾನು ಹೋದಾಗ ಒಬ್ಬರು ಅಜ್ಜಿ ಅದರ ಮೇಲೆ ಚೀಲ ತಲೆಗಿಟ್ಟು ಮಲಗಿದ್ದರು. ಹೊಲಿಸಲು ಬಂದವರಲ್ಲ. ಬದಿಯಡ್ಕದ ಬಸ್ಸಿಗೆ ಕಾಯುವವರು.

ಮಲಯಾಳ ಓದಲು ಅತ್ತೆ ಕಲಿತದ್ದು ಕೂಡ ಈ ಅಂಗಡಿಯಲ್ಲೇ. ಎದುರಿಗೆ ನಿಲ್ಲುವ ಬಸ್ಸಿನ ಬೋರ್ಡು ನೋಡಿ ಅಕ್ಷರ ಕೂಡಿಸಿದರು. ಎಲ್ಲಿಗೆ ಹೋಗುವ ಬಸ್ಸು ಎಂದು ಮೊದಲೇ ಗೊತ್ತಿದ್ದರಿಂದ ಓದು ತಪ್ಪಲಿಲ್ಲ. ಮುಂದೆ ಅದು ಬಹಳ ಉಪಯೋಗಕ್ಕೆ ಬಂತು. ರೇಷನ್ ಕಾರ್ಡಿನ ಅರ್ಜಿ, ವಿಧವಾ ಪಿಂಚಣಿಯ ಅರ್ಜಿ ಮಲಯಾಳದಲ್ಲಿ ಬಂದಾಗ ಕನ್ನಡ ಮಾತ್ರ ಓದಿದವರು ಅತ್ತೆಯ ಹತ್ತಿರ ಬರುತ್ತಿದ್ದರು. ಗಲ್ಫಿನಲ್ಲಿದ್ದ ಗಂಡಂದಿರ ಕಾಗದ ಓದಿ ಹೇಳುವುದು, ಉತ್ತರ ಬರೆಯುವುದೂ ಹಿಂದಿನ ಬೆಂಚಿನಲ್ಲೇ ನಡೆಯುತ್ತಿತ್ತು. ಕಾಗದದ ಒಂದು ಮಾತೂ ಆ ಕೋಣೆಯಿಂದ ಹೊರಗೆ ಹೋಗಲಿಲ್ಲ.

ರಾತ್ರಿ ಅತ್ತೆಯ ಮನೆಯಲ್ಲಿ ಉಳಿದೆ. ಹತ್ತು ಸೆಂಟ್ಸ್ ಜಾಗ, ಮುರಕಲ್ಲಿನ ಗೋಡೆ, ಹಂಚು. ಜಾಗದ ರಿಜಿಸ್ಟ್ರಿ, ಕಲ್ಲು, ಕೆಲಸದವರ ಸಂಬಳ, ಎಲ್ಲವೂ ಹೊಲಿಗೆಯ ದುಡ್ಡು. ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ, ಸುಟ್ಟ ಹಲಸಿನ ಹಪ್ಪಳ ಊಟಕ್ಕೆ. ಮಿಡಿ ಅತ್ತೆಯೇ ಹಾಕಿಟ್ಟದ್ದು.

ಶುಕ್ರವಾರ: ಪಡ್ರೆ, ವಾಣಿನಗರ

ಬೆಳಗ್ಗೆ ಶಿಷ್ಯೆ ಜೀಪು ಗೊತ್ತು ಮಾಡಿದ್ದಳು. ಅವಳಿಗೆ ವಾಣಿನಗರದ ಕಡೆ ಎರಡು ಮನೆಗೆ ಬಟ್ಟೆ ಕೊಡಲಿಕ್ಕಿತ್ತು. ಅತ್ತೆ ತಿಂಗಳಿಗೊಮ್ಮೆ ತಪ್ಪದೆ ಹೋಗುತ್ತಿದ್ದ ಮನೆಗಳು ಅವು.

ಪಡ್ರೆಯ ಹೆಸರು ಕೇಳಿದವರಿಗೆ ಎಂಡೋಸಲ್ಫಾನ್ ನೆನಪಾಗುತ್ತದೆ. ಸುತ್ತ ಗುಡ್ಡೆ, ನಡುವೆ ತಗ್ಗಿನಲ್ಲಿ ಮನೆ, ತೋಟ. ಗುಡ್ಡೆಯ ಮೇಲೆ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳು. 1970ರ ದಶಕದ ಕೊನೆಯಿಂದ 2000ದವರೆಗೆ ಗೇರಿಗೆ ಬರುವ ಟೀ ಸೊಳ್ಳೆ ಕೀಟಕ್ಕೆಂದು ಹೆಲಿಕಾಪ್ಟರಿನಿಂದ ಈ ವಿಷ ಸುರಿದರು, ವರ್ಷಕ್ಕೆ ಎರಡು ಮೂರು ಸಲ. ಬಾವಿ ಮುಚ್ಚಿಕೊಳ್ಳಿ ಎಂದು ಹೇಳುತ್ತಿದ್ದರಂತೆ. ಆದರೆ ಇಲ್ಲಿಯ ಜನ ಕುಡಿಯುವುದು ಬಾವಿಯ ನೀರು ಮಾತ್ರ ಅಲ್ಲ. ಗುಡ್ಡೆಯ ಬದಿಯನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗದ ನೀರು. ಮುರಕಲ್ಲಿನ ಒಳಗಿಂದ ಜಿನುಗಿ, ತಾನಾಗಿ ಹರಿದು ಅಂಗಳದ ಕೆರೆಗೆ ಬರುವ ನೀರು. ಗುಡ್ಡೆಯ ತಲೆಯ ಮೇಲೆ ಬಿದ್ದದ್ದು ಗುಡ್ಡೆಯ ಹೊಟ್ಟೆಯಿಂದ ಬರುವ ನೀರಿಗೆ ಸೇರದೆ ಇರುತ್ತದಾ? ಸುರಂಗಕ್ಕೆ ಮುಚ್ಚಳ ಹಾಕುವುದು ಹೇಗೆ?

ಹೆಲಿಕಾಪ್ಟರು ಬಂದಾಗ ಮಕ್ಕಳು ಅಂಗಳಕ್ಕೆ ಓಡಿ ಬಂದು ಕೈ ಬೀಸುತ್ತಿದ್ದರು. ಆ ಮಕ್ಕಳಲ್ಲಿ ಕೆಲವರು ಈಗ ನಾನು ನೋಡಲು ಹೋದ ತಾಯಂದಿರು.

ಮೊದಲು ಗೊತ್ತಾದದ್ದು ಕರುಗಳಲ್ಲಿ. ಕಾಲು ಸೊಟ್ಟಗಾಗಿ ಹುಟ್ಟಿದವು. ಈ ಊರಿನವರೇ ಆದ ಪತ್ರಕರ್ತ ಶ್ರೀಪಡ್ರೆ ಅದನ್ನು ಬರೆದರು. ಇಲ್ಲೇ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ಹತ್ತಿರ ಬರುವ ಕಾಯಿಲೆಗಳು ಬೇರೆ ಊರಿನ ಹಾಗಿಲ್ಲ ಎಂದು ಗುರುತಿಸಿ ಸುಮ್ಮನಿರಲಿಲ್ಲ. ತೆಂಕು ಭಾಗದ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಇದೇ ಜಿಲ್ಲೆಯ ಹೊಸದುರ್ಗದ ಮುನ್ಸೀಫ್ ಕೋರ್ಟಿಗೆ ಹೋಗಿ ಆಕಾಶದಿಂದ ಸಿಂಪಡಿಸುವುದಕ್ಕೆ ತಾತ್ಕಾಲಿಕ ತಡೆ ತಂದರು. ಅತ್ತೆಗೆ ಅವರ ಮೇಲೆ ಬಹಳ ಗೌರವ. ಅವರ ಫೋಟೋ ಬಂದ ಪೇಪರಿನ ತುಂಡು ಅಂಗಡಿಯ ಕನ್ನಡಿಯ ಮೂಲೆಗೆ ಸಿಕ್ಕಿಸಿತ್ತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿತು. ಸರಕಾರದ ಪೀಡಿತರ ಪಟ್ಟಿಯಲ್ಲಿ ಕಾಸರಗೋಡು ಜಿಲ್ಲೆಯ 6 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ತಲಾ 5 ಲಕ್ಷ ರೂಪಾಯಿ ಪರಿಹಾರ ಮೂರು ತಿಂಗಳಲ್ಲಿ ಕೊಡಿ ಎಂದು 2017ರ ಜನವರಿ 10ರಂದು ಕೋರ್ಟು ಹೇಳಿತು. ಎಷ್ಟೋ ಮನೆಗಳಿಗೆ ಅದು ಮುಟ್ಟಲು ಇನ್ನೂ ಐದು ವರ್ಷ ಬೇಕಾಯಿತು.

ನಾವು ಹೋದ ಮನೆಯಲ್ಲಿ ಅಂಗಳದ ತುಂಬ ಅಡಿಕೆ. ಬದಿಯಲ್ಲಿ ಸುರಂಗದ ನೀರು ಅಡಿಕೆ ಮರದ ದೋಣಿಯಲ್ಲಿ ಹರಿದು ಟ್ಯಾಂಕಿಗೆ ಬೀಳುತ್ತಿತ್ತು. “ಬಲೆ, ಕುಲ್ಲುಲೆ” (ಬನ್ನಿ, ಕೂತ್ಕೊಳ್ಳಿ) ಎಂದು ತುಳುವಿನಲ್ಲಿ ಕರೆಯುತ್ತ ತಾಯಿ ಹೊರಗೆ ಬಂದರು. ನಾನು ಯಾರೆಂದು ಗೊತ್ತಾದದ್ದೇ ನನ್ನ ಎರಡೂ ಕೈ ಹಿಡಿದುಕೊಂಡರು.

ಒಳಗೆ ಕಿಟಕಿಯ ಪಕ್ಕ ಮಂಚದಲ್ಲಿ ಮಗಳು. ವಯಸ್ಸು ಮೂವತ್ತು ದಾಟಿದೆ. ಕೈಕಾಲು ಮಡಚಿಕೊಂಡೇ ಇರುತ್ತದೆ, ಮಾತಿಲ್ಲ. ಶಿಷ್ಯೆಯ ಧ್ವನಿ ಕೇಳಿದ ಕೂಡಲೇ ಮುಖ ತಿರುಗಿಸಿ ನಕ್ಕಳು. ಅವಳ ಮೈಮೇಲೆ ಇದ್ದ ಅಂಗಿ ಅತ್ತೆ ಹೊಲಿದದ್ದು.

ಆ ಅಂಗಿಯ ಬಗ್ಗೆ ಹೇಳಲೇಬೇಕು. ಮುಂದಿನಿಂದ ನೋಡಿದರೆ ಸಾದಾ ಹೂವಿನ ಚಿತ್ರದ ನೈಟಿ. ಹಿಂದೆ ಕುತ್ತಿಗೆಯಿಂದ ಕೆಳಗಿನವರೆಗೂ ತೆರೆದಿದೆ. ಒಂದರ ಮೇಲೊಂದು ಬರುವ ಎರಡು ಮಡಿಕೆ, ಬದಿಯಲ್ಲಿ ಕಟ್ಟುವ ಲಾಡಿ. ಬೆನ್ನಡಿಯಲ್ಲಿ ಗಂಟು ಬರುವುದಿಲ್ಲ. ಭುಜದ ಹೊಲಿಗೆಯ ಜಾಗದಲ್ಲೂ ಲಾಡಿ. ಹಾಗಾಗಿ ಮಡಚಿದ ಕೈಯನ್ನು ಎಳೆದು ತೋಳಿಗೆ ತೂರಿಸಬೇಕಾಗಿಲ್ಲ. ಮೈಮೇಲೆ ಹಾಸಿ ಕಟ್ಟಿದರೆ ಆಯಿತು. ಗುಂಡಿ ಇಲ್ಲ, ಹುಕ್ಕಿಲ್ಲ, ಎಲಾಸ್ಟಿಕ್ ಇಲ್ಲ. ಹೊಲಿಗೆಯ ಅಂಚೆಲ್ಲ ಹೊರಮೈಗೆ. ಒಳಗೆ ಕೈಯಾಡಿಸಿದರೆ ಒಂದು ಗೆರೆಯೂ ತಾಗುವುದಿಲ್ಲ. ದಿನವಿಡೀ ಮಲಗಿರುವ ಮೈಗೆ ಒಂದು ಹೊಲಿಗೆಯ ಏಣು ಸಾಕು, ಎರಡು ದಿನದಲ್ಲಿ ಹುಣ್ಣಾಗುತ್ತದೆ. ಹೊಸ ಬಟ್ಟೆಯನ್ನು ಅತ್ತೆ ನಾಲ್ಕೈದು ಸಲ ಒಗೆದು, ಮೆತ್ತಗಾದ ಮೇಲೆಯೇ ಕತ್ತರಿ ಇಡುತ್ತಿದ್ದರು.

ಹೂವಿನ ಚಿತ್ರ ಯಾಕೆ ಎಂದು ಕೇಳಿದ್ದಕ್ಕೆ ತಾಯಿ ಹೇಳಿದರು, “ನಾನು ಬಿಳಿ ಬಟ್ಟೆ ಕೊಟ್ಟಿದ್ದೆ, ಒಗೀಲಿಕ್ಕೆ ಸುಲಭ ಅಂತ. ಟೈಲರಕ್ಕ ವಾಪಸ್ಸು ಕೊಟ್ರು. ಆಸ್ಪತ್ರೆಯಲ್ಲಿ ಮಲಗಿದ್ದಾಳಾ ಅವಳು? ಮನೆಯಲ್ಲಿ ಇದ್ದಾಳಲ್ವಾ? ಮನೆಯ ಹುಡುಗಿ ಹಾಕುವ ಬಟ್ಟೆಯೇ ತನ್ನಿ ಅಂದ್ರು.”

ಇಂಥ ಅಂಗಿಗೆ ಅತ್ತೆ ತೆಗೆದುಕೊಳ್ಳುತ್ತಿದ್ದದ್ದು ಐದು ರೂಪಾಯಿ. ಮೊದಲ ಅಂಗಿಗೂ ಐದೇ, ಕೊನೆಯದಕ್ಕೂ ಐದೇ. ಪುಕ್ಕಟೆ ಕೊಡಬಹುದಿತ್ತಲ್ಲ ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. ಅತ್ತೆ ಮಿಷಿನು ನಿಲ್ಲಿಸದೆಯೇ ಹೇಳಿದರು: “ಪುಕ್ಕಟೆ ಕೊಟ್ರೆ ಎರಡನೇ ಸಲ ಕೇಳ್ಲಿಕ್ಕೆ ಅವರಿಗೆ ನಾಚಿಕೆ ಆಗ್ತದೆ. ದುಡ್ಡು ಕೊಟ್ರೆ, ಅಂಗಿ ಸರಿ ಆಗದಿದ್ರೆ ನನ್ನನ್ನು ಬೈಲಿಕ್ಕೆ ಹಕ್ಕುಂಟು.”

ಆಗ ನನಗೆ ಅದು ಪೂರ್ತಿ ತಲೆಗೆ ಹೋಗಿರಲಿಲ್ಲ. ಆ ಅಂಗಳದಲ್ಲಿ ಕೂತಾಗ ಹೋಯಿತು. ಅಪ್ಪ ಕೊಡಿಸಿದ ಮಿಷಿನನ್ನೂ ಸಾಲವೆಂದೇ ಬರೆಸಿಕೊಂಡು ತೀರಿಸಿದ ಹೆಂಗಸು ಅವರು. ಹಂಗಿನಲ್ಲಿ ಬದುಕುವುದು ಎಷ್ಟು ಭಾರ ಎಂದು ಗೊತ್ತಿತ್ತು. ಹಾಗಾಗಿ ಬೇರೆ ಯಾರೂ ತಮ್ಮ ಹಂಗಿನಲ್ಲಿ ಇರಬಾರದು ಎಂದು ಅಷ್ಟು ಎಚ್ಚರಿಕೆ. ಮರುಕ ಪಡುವವರು ಈ ಊರಿಗೆ ಬಹಳ ಜನ ಬಂದು ಹೋಗಿದ್ದಾರೆ. ಕ್ಯಾಮೆರಾ ತಂದವರೂ ಬಂದಿದ್ದಾರೆ. ಕ್ಯಾಮೆರಾದವರು ಬಂದ ದಿನ ಅತ್ತೆ ಈ ಮನೆಯ ಕಿಟಕಿಗೆ ಪರದೆ ಹೊಲಿದು ತಂದು ಕಟ್ಟಿದರಂತೆ. ಬೇಕಿದ್ದರೆ ತಾಯಿಯೇ ಪರದೆ ಸರಿಸಲಿ, ಬೇಡದಿದ್ದರೆ ಬೇಡ.

ಶಿಷ್ಯೆ ತಂದ ಹೊಸ ಅಂಗಿಯನ್ನು ತಾಯಿ ಬಿಚ್ಚಿ ನೋಡಿದರು. ಲಾಡಿ ಎಳೆದು ನೋಡಿದರು. ಮುಖ ಗಂಟಾಯಿತು.

“ಎಂತದು ಮಾರಾಯ್ತಿ ಇದು? ಲಾಡಿ ಇಷ್ಟು ಮೋಟು ಮಾಡಿದ್ದಿ? ಒಂದು ಕೈಯಲ್ಲಿ ಅವಳನ್ನು ಹಿಡಿದು ಇನ್ನೊಂದು ಕೈಯಲ್ಲಿ ಕಟ್ಟುದು ಹೇಗೆ? ಟೈಲರಕ್ಕ ಹೀಗೆ ಮಾಡ್ತಿರ್ಲಿಲ್ಲ. ತೆಕ್ಕೊಂಡು ಹೋಗು, ಸರಿ ಮಾಡಿ ತಾ.”

“ಆಯ್ತು ಅಕ್ಕಾ, ಭಾನುವಾರವೇ ಕೊಡ್ತೇನೆ” ಎಂದು ಶಿಷ್ಯೆ ಅಂಗಿ ಮಡಚಿ ಚೀಲಕ್ಕೆ ಹಾಕಿದಳು. ಜೀಪಿನಲ್ಲಿ ಬರುವಾಗ ಅವಳು ಖುಷಿಯಲ್ಲಿದ್ದಳು. ಟೀಚರ್ ಹೋದ ಮೇಲೆ ಈ ಮನೆಯವರು ಏನು ಕೊಟ್ಟರೂ ಚೆನ್ನಾಗಿದೆ ಎಂದಷ್ಟೇ ಹೇಳುತ್ತಿದ್ದರಂತೆ. ಬೈದದ್ದು ಇದೇ ಮೊದಲು.

ಹೊರಡುವ ಮುಂಚೆ ತಾಯಿ ಪುನರ್ಪುಳಿ ಶರಬತ್ತು ಕೊಟ್ಟು, ನನ್ನ ಪಕ್ಕ ಕೂತು ಒಂದು ಮಾತು ಹೇಳಿದ್ದರು. “ನಿಮ್ಮ ಅತ್ತೆ ನನ್ನನ್ನು ಬೇಕಲಕ್ಕೆ ಕರ್ಕೊಂಡು ಹೋಗಿದ್ರು, ಗೊತ್ತುಂಟಾ?” ನನಗೆ ಗೊತ್ತಿರಲಿಲ್ಲ. ಅವರು ಹೇಳಿದ್ದನ್ನು ಕೇಳಿ, ಮರುದಿನ ಅಲ್ಲಿಗೇ ಹೋಗುವುದೆಂದು ತೀರ್ಮಾನ ಮಾಡಿದೆ.

ಶನಿವಾರ: ಕಾಸರಗೋಡು, ಬೇಕಲ

ಬೆಳಗ್ಗಿನ ಬಸ್ಸು. ಬದಿಯಡ್ಕದ ಹತ್ತಿರವೇ ಪೆರಡಾಲ, ಕಯ್ಯಾರ ಕಿಞ್ಞಣ್ಣ ರೈಗಳ ಊರು. ನೂರು ವರ್ಷ ಬದುಕಿದ ಕವಿ, ಕಾಸರಗೋಡು ಕನ್ನಡನಾಡು ಎಂದು ಕೊನೆಯವರೆಗೂ ನಂಬಿದ್ದವರು. ಎಡನೀರಿನಲ್ಲಿ ಮಠದ ಕಡೆಗೆ ಕೈ ಮುಗಿದು ಒಬ್ಬರು ಇಳಿದರು. ಸಂವಿಧಾನದ ಮೂಲ ಸ್ವರೂಪವನ್ನು ಬದಲಾಯಿಸಲಾಗದು ಎಂದು 1973ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಕೇಶವಾನಂದ ಭಾರತಿ ಮೊಕದ್ದಮೆ ಈ ಮಠದ ಸ್ವಾಮಿಗಳು ಹಾಕಿದ್ದು. ಚೆರ್ಕಳ ದಾಟಿದರೆ ವಿದ್ಯಾನಗರ, ಜಿಲ್ಲಾ ಕಚೇರಿಗಳಿರುವ ಜಾಗ.

2012ರಲ್ಲಿ ಅತ್ತೆ ಪಡ್ರೆಯ ಕಡೆಯ ಐದು ತಾಯಂದಿರನ್ನು ಕರೆದುಕೊಂಡು ವಿದ್ಯಾನಗರಕ್ಕೆ ಬಂದಿದ್ದರು. ಯಾವುದೋ ಕಾಗದಕ್ಕೆ ತಾಯಂದಿರೇ ಬಂದು ಸಹಿ ಹಾಕಬೇಕಿತ್ತು. ಮಕ್ಕಳನ್ನು ಬಿಟ್ಟು ಬರುವುದು ಹೇಗೆ? ಅತ್ತೆ ತಮ್ಮ ಹತ್ತಿರ ಹೊಲಿಗೆ ಕಲಿಯುತ್ತಿದ್ದ ಹುಡುಗಿಯರಲ್ಲಿ ಐವರನ್ನು ಆರಿಸಿದರು. ಹಿಂದಿನ ವಾರವಿಡೀ ಒಬ್ಬೊಬ್ಬಳನ್ನು ಒಂದೊಂದು ಮನೆಗೆ ಕಳಿಸಿದರು. ಗಂಜಿ ಹೇಗೆ ಕುಡಿಸಬೇಕು, ಮಗ್ಗುಲು ಹೇಗೆ ತಿರುಗಿಸಬೇಕು, ಫಿಟ್ಸ್ ಬಂದರೆ ಏನು ಮಾಡಬೇಕು ಎಂದು ತಾಯಂದಿರಿಂದಲೇ ಕಲಿಸಿದರು. ನಮ್ಮ ಶಿಷ್ಯೆ ಆ ಐವರಲ್ಲಿ ಒಬ್ಬಳು.

ಸಹಿಯ ಕೆಲಸ ಹನ್ನೊಂದು ಗಂಟೆಗೇ ಮುಗಿಯಿತು. ಹೇಗೂ ಸಂಜೆವರೆಗೆ ಮಕ್ಕಳ ಹತ್ತಿರ ಜನ ಇದ್ದಾರೆ. “ಸಮುದ್ರ ನೋಡಿದ್ದುಂಟಾ ನೀವು?” ಎಂದು ಅತ್ತೆ ಕೇಳಿದರು. ಐವರಲ್ಲಿ ಮೂವರು ನೋಡಿರಲಿಲ್ಲ. ಕಾಸರಗೋಡಿನಿಂದ ಬೇಕಲಕ್ಕೆ 16 ಕಿಲೋಮೀಟರ್. ಹುಟ್ಟಿದ ಜಿಲ್ಲೆಯ ಸಮುದ್ರ.

ನಾನೂ ಅದೇ ದಾರಿಯಲ್ಲಿ ಹೋದೆ. ಚಂದ್ರಗಿರಿ ಸೇತುವೆ ದಾಟುವಾಗ ಸಾರಾ ಅಬೂಬಕ್ಕರ್ ನೆನಪಾದರು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಈ ಹೊಳೆಯ ದಡದ ಹೆಂಗಸರ ಬದುಕನ್ನು ಕನ್ನಡದಲ್ಲಿ ಬರೆದವರು. 2023ರ ಜನವರಿಯಲ್ಲಿ ಹೋದರು. ಅತ್ತೆ ಅವರ ಕಥೆಗಳನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಬುರ್ಖಾ ಹೊಲಿಸಲು ಬಂದವರು, ರವಿಕೆ ಹೊಲಿಸಲು ಬಂದವರು ಒಟ್ಟಿಗೆ ಕೂತು ಕೇಳುತ್ತಿದ್ದರು. ನಡುವೆ ಬಸ್ಸು ಬಂದರೆ, “ಉಳಿದದ್ದು ಮುಂದಿನ ವಾರ ಓದಿ ಅಕ್ಕಾ” ಎಂದು ಹೇಳಿ ಓಡುತ್ತಿದ್ದರಂತೆ. ಆ ಕಥೆ ಕೇಳಿದವರಲ್ಲಿ ಒಬ್ಬಳು ಮಗಳನ್ನು ಹೈಸ್ಕೂಲು ಬಿಡಿಸಲಿಲ್ಲ. ಆ ಮಗಳೇ ಈಗ ಅಂಗಡಿ ನಡೆಸುವವಳು.

ಬೇಕಲದ ಕೋಟೆ 1650ರ ಹೊತ್ತಿಗೆ ಇಕ್ಕೇರಿಯ ಶಿವಪ್ಪನಾಯಕ ಕಟ್ಟಿಸಿದ್ದು. ಟಿಕೆಟು ತೆಗೆದು ಒಂದು ಸುತ್ತು ಬಂದೆ. ನಮ್ಮೂರಿನ ಮನೆಗಳಿಗೆ ಹಾಕುವ ಅದೇ ಮುರಕಲ್ಲು, ಇಲ್ಲಿ ಸಮುದ್ರಕ್ಕೆ ಎದೆ ಕೊಟ್ಟು ನಿಂತಿದೆ. ಚಂದದ ಕೋಟೆ. ಆದರೆ ನನಗೆ ನೋಡಬೇಕಿದ್ದದ್ದು ಪಕ್ಕದ ಕಡಲತಡಿಯ ಗಾಳಿಮರಗಳ ನೆರಳು.

ತಾಯಿ ಹೇಳಿದ್ದು ಹೀಗೆ. ಎಲ್ಲರೂ ನೀರಿಗೆ ಕಾಲಿಟ್ಟರು. ಸೀರೆ ಒದ್ದೆ ಮಾಡಿಕೊಂಡು ನಕ್ಕರು. ಬುತ್ತಿ ಬಿಚ್ಚಿ ಉಂಡರು. ಆಮೇಲೆ ಈ ತಾಯಿ ಗಾಳಿಮರದ ಕೆಳಗೆ ಸುಮ್ನೆ ಒರಗಿದರು. ಹಾಗೇ ನಿದ್ದೆ ಬಂತು. ಮಗಳು ಹುಟ್ಟಿದಂದಿನಿಂದ ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ತಿರುಗಿಸಿದ ಹೆಂಗಸು. ಇಪ್ಪತ್ತು ವರ್ಷದ ನಿದ್ದೆ ಬಾಕಿ ಇತ್ತು.

ಮೂರೂವರೆಗೆ ಹೊರಡಬೇಕಿತ್ತು. ಬೇರೆಯವರು ಎಬ್ಬಿಸಲು ಹೋದರೆ ಅತ್ತೆ ಬಿಡಲಿಲ್ಲ. “ಮಲಗ್ಲಿ. ಬಸ್ಸು ಹೋದ್ರೆ ಹೋಗ್ಲಿ.” ಬಿಸಿಲು ಜರುಗಿದ ಹಾಗೆ ಅತ್ತೆ ತಾವೂ ಜರುಗಿ ಕೂತು, ಕೊಡೆ ಬಿಡಿಸಿ ಅವರ ಮುಖಕ್ಕೆ ನೆರಳು ಹಿಡಿದರು. ಐದು ಗಂಟೆಗೆ ತಾನಾಗಿಯೇ ಎಚ್ಚರವಾದಾಗ ತಾಯಿಗೆ ಗಾಬರಿ, ಅಳು. ಅತ್ತೆ ಆಗಲೇ ಪೆರ್ಲದವರೆಗೆ ಜೀಪು ಗೊತ್ತು ಮಾಡಿಯಾಗಿತ್ತು. ಹುಡುಗಿಯರಿಗೆ ಫೋನು ಮಾಡಿ ಎಂಟು ಗಂಟೆಯವರೆಗೆ ಇರಲು ಹೇಳಿಯೂ ಆಗಿತ್ತು. ಜೀಪಿನ ಬಾಡಿಗೆ ಆರು ಪಾಲು ಮಾಡಿದರು. ತಮ್ಮದೂ ಸೇರಿಸಿ. ತಾಯಂದಿರ ಪಾಲು ಪುಸ್ತಕದಲ್ಲಿ ಬರೆದುಕೊಂಡರು. ಅವರು ಆದಾಗ ಆದಷ್ಟು ಕೊಟ್ಟು ತೀರಿಸಿದರು.

“ನನ್ನ ಪಾಲು ನಾನೇ ಕೊಟ್ಟದ್ದು” ಎಂದು ತಾಯಿ ನಿನ್ನೆ ನನಗೆ ಎರಡು ಸಲ ಹೇಳಿದ್ದರು.

ನಾನು ಅಲ್ಲಿ ಬಹಳ ಹೊತ್ತು ಕೂತೆ. ಶನಿವಾರವಾದ್ದರಿಂದ ಜನ ಜಾಸ್ತಿ. ಐಸ್‌ಕ್ರೀಮು, ಗಾಳಿಪಟ, ಫೋಟೋ. ಅತ್ತೆ ಇದ್ದಿದ್ದರೆ ಎಷ್ಟೊಂದು ಕೇಳಬಹುದಿತ್ತು. ಈ ಕಥೆ ನನಗೆ ಯಾಕೆ ಹೇಳಲಿಲ್ಲ ಎಂದು ಮೊದಲು ಕೇಳುತ್ತಿದ್ದೆ. ಅದು ಆ ತಾಯಿಯ ನಿದ್ದೆಯ ವಿಷಯ, ಹೇಳುವುದಿದ್ದರೆ ಅವರೇ ಹೇಳಬೇಕು ಎನ್ನುತ್ತಿದ್ದರೇನೋ. ದುಃಖ ತಡೆಯಲಾಗಲಿಲ್ಲ. ಅತ್ತು ಮುಗಿಸಿ, ಮುಖ ತೊಳೆದು, ಕಾಸರಗೋಡಿನ ಬಸ್ಸು ಹತ್ತಿದೆ.

ಭಾನುವಾರ: ಪೆರ್ಲ

ಭಾನುವಾರ ಮಧ್ಯಾಹ್ನದವರೆಗೆ ಅಂಗಡಿ ತೆರೆದಿರುತ್ತದೆ. ಬೇರೆ ದಿನ ಬಿಡುವಿಲ್ಲದವರು ಬರುವುದು ಆಗಲೇ. ಶಿಷ್ಯೆ ಅಂಗಿಯ ಹಳೆ ಲಾಡಿ ಬಿಚ್ಚಿ ಉದ್ದದ್ದು ಹೊಲಿಯುತ್ತಿದ್ದಳು. ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು ಒಂದೇ ಕೈಯಲ್ಲಿ ಕಟ್ಟಿ ನೋಡಿದಳು. ಇನ್ನೂ ಎರಡಿಂಚು ಬೇಕು ಎಂದು ಮತ್ತೆ ಬಿಚ್ಚಿದಳು.

ನಾನು ಕಬ್ಬಿಣದ ಪೆಟ್ಟಿಗೆ ತೆರೆದೆ. ಉದ್ದದ ರೂಲ್ ಪುಸ್ತಕಗಳು, ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿದವು. ಹಳೆಯ ಪುಸ್ತಕಗಳಲ್ಲಿ ಬರೀ ಅಳತೆ. ಎದೆ, ಸೊಂಟ, ತೋಳು, ಕುತ್ತಿಗೆ. 1990ರ ದಶಕದ ಪುಸ್ತಕಗಳಿಂದ ಬದಿಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿ ಶುರುವಾಗುತ್ತದೆ. ‘ಎಡಗೈ ಎತ್ತಲು ಆಗದು. ಲಾಡಿ ಎಡಕ್ಕೆ ಬೇಡ.’ ‘ತಲೆ ದೊಡ್ಡದು. ಕುತ್ತಿಗೆ ಪೂರ್ತಿ ಬಿಡುವುದು.’ ‘ಬಣ್ಣ ಕಾಣುತ್ತದೆ ಇವನಿಗೆ. ಕೆಂಪು ಇಷ್ಟ.’ ‘ತಾಯಿಗೆ ಬಲ ಮೊಣಕೈ ನೋವು. ಗಂಟು ಸಡಿಲ ಇರಲಿ.’ ತೊಡುವವರ ಅಳತೆಯ ಜೊತೆಗೆ ತೊಡಿಸುವವರ ಕೈಯ ಅಳತೆಯನ್ನೂ ಅತ್ತೆ ಬರೆದಿಟ್ಟಿದ್ದರು. ಕೆಲವು ಹೆಸರುಗಳ ಮುಂದೆ ಒಂದು ತಾರೀಕು, ಒಂದು ಅಡ್ಡಗೆರೆ. ಅಲ್ಲಿಗೆ ಅಳತೆ ನಿಂತಿದೆ.

ಆ ತಾಯಿಯ ಪುಟದಲ್ಲಿ ಬೇಕಲದ ಜೀಪಿನ ಲೆಕ್ಕ ಇತ್ತು. ಹತ್ತು, ಇಪ್ಪತ್ತು ರೂಪಾಯಿಯ ಜಮೆಗಳು. ಕೊನೆಗೆ ‘ಚುಕ್ತಾ’.

ಪೆಟ್ಟಿಗೆ ಪೂರ್ತಿ ನನಗೆ ಬರೆದಿಟ್ಟದ್ದು. ನನಗೆ ಬೇಕು ಕೂಡ. ಅತ್ತೆಯ ಕೈಬರಹದ ಒಂದು ಸಾಲನ್ನೂ ಬಿಟ್ಟು ಬರಲು ಮನಸ್ಸಿರಲಿಲ್ಲ. ಆದರೆ ಇನ್ನೂ ಬದುಕಿರುವವರ ಅಳತೆ ಬೆಂಗಳೂರಿನ ಕಪಾಟಿನಲ್ಲಿ ಇಟ್ಟು ಏನು ಮಾಡುವುದು? ಕಳೆದ ಹತ್ತು ಹದಿನೈದು ವರ್ಷದ ಪುಸ್ತಕಗಳನ್ನು ಬೇರೆ ಮಾಡಿ ಶಿಷ್ಯೆಯ ಮೇಜಿನ ಕೆಳಗಿನ ಹಲಗೆಗೆ ಏರಿಸಿದೆ. ಹಳೆಯವನ್ನು ಚೀಲಕ್ಕೆ ಹಾಕಿಕೊಂಡೆ. ಅವಳು ಬೇಡ ಅನ್ನಲಿಲ್ಲ. “ಇದೆಲ್ಲ ನನಗೆ ಬಾಯಿಪಾಠ ಉಂಟು ಅಕ್ಕಾ, ಆದ್ರೆ ಹೊಸ ಹುಡುಗಿಯರಿಗೆ ಬೇಕು” ಎಂದಳು. ಈಗ ಮೂವರು ಹುಡುಗಿಯರು ಕಲಿಯಲು ಬರುತ್ತಿದ್ದಾರಂತೆ. ಒಬ್ಬಳಿಗೆ ಬಡ್ಸ್ ಶಾಲೆಯಲ್ಲಿ, ಅಂದರೆ ಬೌದ್ಧಿಕ ನ್ಯೂನತೆ ಇರುವ ಮಕ್ಕಳಿಗಾಗಿ ಪಂಚಾಯತು ನಡೆಸುವ ಶಾಲೆಯಲ್ಲಿ, ಓದುವ ತಮ್ಮನಿದ್ದಾನೆ.

ವಿಟ್ಲದ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ಒಂದು ಚೀಟಿ ಬರೆದು ಕೈಗಿಟ್ಟಳು. ಅತ್ತೆ ತರಿಸುತ್ತಿದ್ದ ಮೆತ್ತನೆಯ ಕಾಟನ್ ಈಗ ಪುತ್ತೂರಿನಲ್ಲೂ ಸಿಗುತ್ತಿಲ್ಲ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹೋಲ್‌ಸೇಲಿಗೆ ಸಿಗಬಹುದು. ಹೂವಿನ ಚಿತ್ರದ್ದು ಇಪ್ಪತ್ತು ಮೀಟರ್, ಕೆಂಪು ಹತ್ತು ಮೀಟರ್. ಬಿಳಿ ಬೇಡ. ಚೀಟಿಯ ಜೊತೆ ನೋಟುಗಳನ್ನೂ ಮಡಚಿ ಇಟ್ಟಿದ್ದಳು.

“ಜಾಸ್ತಿ ಆದ್ರೆ ಹೇಳಿ ಅಕ್ಕಾ, ಗೂಗಲ್ ಪೇ ಮಾಡ್ತೇನೆ. ಬಿಲ್ಲು ಮಾತ್ರ ಮರೀಬೇಡಿ.”

ದುಡ್ಡು ಎಣಿಸಿ ತೆಗೆದುಕೊಂಡೆ. ಬುಧವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಚಿಕ್ಕಪೇಟೆಗೆ ಹೋಗುತ್ತೇನೆ.